ನಮ್ಮ ಅತ್ತೆಗೆ ಕೂತುಕೊಳ್ಳಲು ಬರುವುದಿಲ್ಲ

ನಮ್ಮ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಬಾರದ ವಿದ್ಯೆಯೇ ಇರಲಿಲ್ಲ. ಎಮ್ಮೆ ಹಿಂಡುತ್ತಿದ್ದಳು, ಸೈಕಲ್ ಹೊಡೆಯುತ್ತಿದ್ದಳು, ಮನೆಯೊಳಗೆ ಹಾವು ಹೊಕ್ಕರೆ ಗಂಡಸರು ಕೋಲು ಹುಡುಕುವಷ್ಟರಲ್ಲಿ ಅದನ್ನು ಕೊಡದಲ್ಲಿ ಹಾಕಿ ಹಳ್ಳ ದಾಟಿಸಿ ಬರುತ್ತಿದ್ದಳು. ಒಂದೇ ಒಂದು ವಿದ್ಯೆ ಮಾತ್ರ ಆಕೆಗೆ ಒಲಿದಿರಲಿಲ್ಲ. ಅದು ಕೂತುಕೊಳ್ಳುವ ವಿದ್ಯೆ!

ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ. ಸೊಂಟನೋವಲ್ಲ, ಮಂಡಿನೋವಲ್ಲ, ಡಾಕ್ಟರು ಬೇಡವೆಂದದ್ದೂ ಅಲ್ಲ. ಕುರ್ಚಿ, ಮಣೆ, ಚಾಪೆ, ಕಟ್ಟೆ ಏನನ್ನೇ ಕಂಡರೂ ಸೆರಗಿನಿಂದ ಒರೆಸಿ, ಅದರ ಮೇಲೆ ಬೇರೆ ಯಾರನ್ನಾದರೂ ಕೂಡ್ರಿಸಿ, ತಾನು ನಿಂತು ನೋಡುವುದು ಆಕೆಯ ಸ್ವಭಾವ. ಊಟವನ್ನೂ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ಮುಗಿಸುತ್ತಿದ್ದಳು. ನಮ್ಮ ಮನೆಯ ಹಳೆಯ ಫೋಟೋಗಳಲ್ಲಿ ಎಲ್ಲರೂ ಸಾಲಾಗಿ ಕೂತಿದ್ದಾರೆ. ಅತ್ತೆ ಒಂದರಲ್ಲೂ ಪೂರ್ತಿ ಇಲ್ಲ. ಒಂದರಲ್ಲಿ ಬೆನ್ನು, ಇನ್ನೊಂದರಲ್ಲಿ ಸೌಟು ಹಿಡಿದ ಕೈ, ಮತ್ತೊಂದರಲ್ಲಿ ಯಾರದೋ ಮಗುವಿನ ಮೂಗು ಒರೆಸುತ್ತಿರುವ ಸೆರಗು.

ನಮ್ಮದು ಬ್ಯಾಡಗಿ. ಅಪ್ಪನದು ಅಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಅತ್ತೆ ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಳು. ರಾಣೆಬೆನ್ನೂರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಬಸ್ಸು ಖಾಲಿ ಇದ್ದರೂ ಆಕೆ ಕಂಬ ಹಿಡಿದು ನಿಂತಿರುತ್ತಿದ್ದಳು. ಒಮ್ಮೆ ಹೊಸ ಕಂಡಕ್ಟರ್ ತಡೆಯಲಾರದೆ ಕೇಳಿದ.

"ಅಕ್ಕಾರ, ಇಷ್ಟ ಸೀಟು ಖಾಲಿ ಅದಾವ, ಕುಂದ್ರಿ."

"ನೀನೂ ನಿಂತೀಯಲ್ಲಪಾ. ನಿನಗ ಯಾರರ ಕುಂದ್ರು ಅಂದಾರೇನು?"

ಪಾಪ, ಆ ಹುದ್ದೆಗೆ ಸೇರಿದ ಮೇಲೆ ಅವನಿಗೆ ಯಾರೂ ಹಾಗೆ ಅಂದಿರಲಿಲ್ಲ! ಮೋಟೆಬೆನ್ನೂರು ಬರುವಷ್ಟರಲ್ಲಿ ಅವನು ಹಿಂದಿನ ಸೀಟಿನಲ್ಲಿ ಆರಾಮಾಗಿ ಕೂತಿದ್ದ. ಅತ್ತೆ ಅವನ ಸೀಟಿ ಊದುತ್ತ, ನಿದ್ದೆ ಹೋದವರನ್ನು ಅವರವರ ಊರಿನಲ್ಲಿ ಎಬ್ಬಿಸಿ ಇಳಿಸುತ್ತಿದ್ದಳು.

ಮದುವೆ ಯಾಕಾಗಲಿಲ್ಲ ಎಂದು ಕೇಳುತ್ತೀರಿ. ಅದೂ ಕೂರಲು ಬಾರದ್ದರಿಂದಲೇ! ನಾನು ಹುಟ್ಟುವ ಮೊದಲಿನ ಸಂಗತಿ, ಅವ್ವನ ಬಾಯಿಂದ ಕೇಳಿದ್ದು. ಹಲಗೇರಿಯಿಂದ ಗಂಡಿನವರು ನೋಡಲು ಬಂದರಂತೆ. ಹುಡುಗಿ ಸೀರೆ ಉಟ್ಟು ಚಾಪೆಯ ಮೇಲೆ ತಲೆ ತಗ್ಗಿಸಿ ಕೂರಬೇಕಲ್ಲ? ಈಕೆ ಬಂದವರಿಗೆ ಕಾಲಿಗೆ ನೀರು ಕೊಟ್ಟಳು, ಅವಲಕ್ಕಿ ಕೊಟ್ಟಳು, ಇನ್ನಷ್ಟು ಹಾಕಲೇ ಎಂದು ಉಪಚರಿಸಿದಳು, ಚಹಾ ಕೊಟ್ಟಳು, ಖಾಲಿ ಕಪ್ಪು ಎತ್ತಿಕೊಂಡು ಹೋದಳು. ಎಲ್ಲ ಮುಗಿದ ಮೇಲೆ ಗಂಡಿನ ಕಾಕಾ ಮೀಸೆ ಒರೆಸಿಕೊಳ್ಳುತ್ತ, "ಭಾಳ ಚಲೋ ಆತ್ರಿ. ಇನ್ನ ಹುಡುಗಿನ್ನ ಕರೀರಿ, ನೋಡೋಣು" ಎಂದನಂತೆ.

ಆಮೇಲೂ ನೋಡಲು ಬಂದವರಿದ್ದರು. ಅಷ್ಟರಲ್ಲಿ ಅಜ್ಜ, ಅಜ್ಜಿ ಇಬ್ಬರೂ ತೀರಿಹೋದರು, ಅಪ್ಪ ಇನ್ನೂ ಶಾಲೆಗೆ ಹೋಗುವ ಹುಡುಗ. ಅವನನ್ನು ಸಾಕಿ, ಓದಿಸಿ, ಅಂಗಡಿಯಲ್ಲಿ ಕೂಡ್ರಿಸಿ, ಲಗ್ನ ಮಾಡುವಷ್ಟರಲ್ಲಿ ಅತ್ತೆಯನ್ನು ನೋಡಲು ಬರುವವರು ನಿಂತುಹೋಗಿದ್ದರು.

ಹಾವೇರಿಯ ಮದುವೆಯೊಂದಕ್ಕೆ ನಾವು ಗಂಡಿನ ಕಡೆಯವರಾಗಿ ಹೋದೆವು. ಬೀಗರು! ನಮ್ಮನ್ನು ಹೆಣ್ಣಿನವರು ಅಂಗೈಮೇಲೆ ಇಟ್ಟುಕೊಂಡು ನೋಡಬೇಕಾದ ದಿನ. ಇಳಿದ ಸ್ವಲ್ಪ ಹೊತ್ತಿಗೇ ಅತ್ತೆ ಕಾಣೆ. ಊಟಕ್ಕೆ ನಾವು ತಡವಾಗಿ ಹೋದಾಗ ಒಲೆಯ ಮುಂದಿನಿಂದ ಒಂದು ಧ್ವನಿ ಗುಡುಗಿತು: "ಗಂಡಿನ ಕಡೆ ಮಂದಿ ಅಂತ ಇಷ್ಟ ಸೊಕ್ಕು ಮಾಡ್ತೀರೇನು? ನಾವು ಅಡಗಿ ಮಾಡಿ ಇಟಗೊಂಡು ಎಷ್ಟೊತ್ತು ಕಾಯಬೇಕು?" ಅಕ್ಕನ ಬೈಗುಳ ಕೇಳಿ ಅಪ್ಪ ತಲೆ ತಗ್ಗಿಸಿ ಎಲೆಯ ಮುಂದೆ ಕೂತ.

ಆದರೆ ಎಲ್ಲಕ್ಕೂ ಮಿಗಿಲಾದದ್ದು ರಾಣೆಬೆನ್ನೂರಿನ ದವಾಖಾನೆಯ ಪ್ರಸಂಗ. ನಮ್ಮ ಸಂಬಂಧಿಕನೊಬ್ಬ ಅಲ್ಲಿ ಆಪರೇಶನ್ ಮಾಡಿಸಿಕೊಂಡಿದ್ದ. ಅತ್ತೆ ಶಾಲೆ ಬಿಟ್ಟ ಮೇಲೆ ಗಂಜಿ ಒಯ್ದು ಕೊಡುತ್ತಿದ್ದಳು. ಅವನು ಹುಷಾರಾಗಿ ಊರಿಗೆ ಹೋದ. ಹೊಲಕ್ಕೂ ಹೋಗತೊಡಗಿದ. ಅತ್ತೆ ಮಾತ್ರ ಗಂಜಿ ಒಯ್ಯುವುದನ್ನು ಬಿಡಲಿಲ್ಲ! ಪಕ್ಕದ ಕಾಟಿನವನಿಗೆ ಯಾರೂ ಇಲ್ಲ, ಅದರಾಚೆಯ ಕಾಟಿನವಳಿಗೆ ಮಗ್ಗುಲು ಬದಲಿಸಲು ಬಾರದು. ಒಂದು ದಿನ ಹೊಸದಾಗಿ ಬಂದ ನರ್ಸಬಾಯಿ ಈಕೆಯನ್ನು ಆಯಾ ಎಂದು ತಿಳಿದು, ಇದೇನು ಬರುವ ಹೊತ್ತೇ ಎಂದು ಚೆನ್ನಾಗಿ ಬೈದಳಂತೆ. ನಮ್ಮ ಟೀಚರಮ್ಮ ಏನೆಂದಳು ಗೊತ್ತೇ? "ತಪ್ಪಾತ್ರಿ, ನಾಳಿಂದ ಲಗೂ ಬರತೇನಿ."

ಇನ್ನು ಪಂಚಮಿ ಹಬ್ಬದ ಮಾತು. ನಮ್ಮ ಕಡೆ ಅದು ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಅಕ್ಕತಂಗಿಯರ ಗಂಡನ ಮನೆಗೆ ಖುದ್ದು ಹೋಗಿ, ಬುತ್ತಿ ಕೊಟ್ಟು, ಅತ್ತೆಮಾವಂದಿರನ್ನು ಕೇಳಿ, ತವರಿಗೆ ಕರೆದುಕೊಂಡು ಬರಬೇಕು. ನನ್ನ ಅವ್ವನನ್ನು ಕರೆಯಲು ಅಗಡಿಯಿಂದ ಮಾವ ತಪ್ಪದೆ ಬರುತ್ತಿದ್ದ. ಮನೆಯಲ್ಲಿ ಗುಡುಗುಡು ಓಡಾಡುವ ಅವ್ವ, ಅಗಡಿಯ ಮನೆ ಮುಟ್ಟಿದ ಕೂಡಲೇ ರಾಣಿಯಾಗಿಬಿಡುತ್ತಿದ್ದಳು! ಹೊರಗಿನ ಕಟ್ಟೆಯ ಮೇಲೆ ಠೀವಿಯಿಂದ ಕೂತು, ಒಳಗಿನವರು ಬಂದು ಕಾಲಿಗೆ ನೀರು ಹಾಕುವವರೆಗೂ ಹೊಸ್ತಿಲು ದಾಟುತ್ತಿರಲಿಲ್ಲ.

ಆ ದಿನಗಳಲ್ಲಿ ಅತ್ತೆಗೆ ಎರಡು ಕೈ ಸಾಲುತ್ತಿರಲಿಲ್ಲ. ಓಣಿಗೆ ಬಂದ ಹೆಣ್ಣುಮಕ್ಕಳಿಗೆಲ್ಲ ಈಕೆಯೇ ಉಂಡಿ ಕಟ್ಟಬೇಕು, ಬೇವಿನ ಮರ ಹತ್ತಿ ಜೋಕಾಲಿಯ ಹಗ್ಗ ಬಿಗಿಯಬೇಕು, ಒಬ್ಬೊಬ್ಬರನ್ನೇ ಕೂಡ್ರಿಸಿ ತೂಗಬೇಕು. "ಅತ್ತಿ, ನೀನೂ ಒಂದ ಸಲ ಕುಂದ್ರು" ಎಂದು ನಾನು ಸಣ್ಣವಳಿದ್ದಾಗ ಗಂಟುಬಿದ್ದಿದ್ದೆ. "ನಾ ಕುಂತ್ರ ತೂಗೋರು ಯಾರ?" ಎಂದು ನಕ್ಕು, ಮುಂದಿನವಳನ್ನು ಕೂಡ್ರಿಸಿದಳು.

ಇಂಥವಳು ನಿವೃತ್ತಿಯಾದಳು. ನಿವೃತ್ತಿಯಾದವರು ಏನು ಮಾಡುತ್ತಾರೆ? ಕೂತುಕೊಳ್ಳುತ್ತಾರೆ! ಅತ್ತೆಗೆ ದಿಗಿಲಾಗಿರಬೇಕು. ಹಾವೇರಿಯಿಂದ ಕಾಶಿ, ಗಯಾ, ನೇಪಾಳದ ಪಶುಪತಿನಾಥ ಎಂದು ಯಾತ್ರೆಯ ಬಸ್ಸೊಂದು ಹೊರಟಿತ್ತು, ಹತ್ತಿಬಿಟ್ಟಳು. ಎಂಬತ್ತರ ದಶಕದ ನಡುವಿನ ಮಾತಿದು. ಯಾತ್ರೆ ಮುಗಿಸಿ ಬಸ್ಸು ಬರುವ ದಿನ ಅಪ್ಪ ಹೂವಿನ ಹಾರ ಹಿಡಿದು ಹಾವೇರಿಗೆ ಹೋದ. ಎಲ್ಲರೂ ಇಳಿದರು. ಅತ್ತೆಯ ಹಾಸಿಗೆ ಸುರುಳಿ ಇಳಿಯಿತು. ಗಂಗಾಜಲದ ಥಾಲಿ ಇಳಿಯಿತು. ಅತ್ತೆ ಇಳಿಯಲಿಲ್ಲ.

"ನೇಪಾಳದ ಗಡಿ ದಾಟೋದ್ರಾಗ ನಮ್ಮ ಬಸ್ಸಿನಾಗಿದ್ದ ಗಳಗನಾಥದ ಅಜ್ಜಿಗೆ ಜ್ವರ ಬಂತ್ರಿ. ಅಲ್ಲೇ ಒಂದು ಧರ್ಮದ ದವಾಖಾನಿಗೆ ಹಾಕಿದ್ವಿ" ಎಂದು ಯಾತ್ರೆಯ ಮುಖಂಡ ಕೈ ಹಿಸುಕಿಕೊಂಡ. "ನಿಮ್ಮಕ್ಕಾರು, ನೀವು ಮುಂದ ಹೋಗ್ರಿ, ನಾ ಅಜ್ಜಿನ್ನ ನೋಡ್ಕೋತೇನಿ ಅಂದ್ರು."

ಆಗಲಿ, ಅತ್ತೆಯ ಸ್ವಭಾವವೇ ಅದು ಎಂದುಕೊಂಡೆವು. ಕೆಲವು ವಾರಗಳ ಮೇಲೆ ಗಳಗನಾಥದ ಅಜ್ಜಿ ಮಗನ ಜೊತೆ ಗುಂಡುಕಲ್ಲಿನಂತೆ ಮರಳಿ ಬಂದಳು. ಅಪ್ಪ ಓಡಿಹೋಗಿ ಕೇಳಿದ. ಅಜ್ಜಿ ಅಂದಳು: "ನನ್ನ ಬಸ್ ಹತ್ತಿಸಾಕ ಬಂದಿದ್ಲಪಾ. ಬಾಜೂ ಕಾಟಿನಾಕಿಗೆ ಗಂಜಿ ಕೊಟ್ಟ ಬರತೇನಿ, ನೀವು ನಡೀರಿ ಅಂತ ಹೊಳ್ಳಿ ಹೋದ್ಲು." ಆ ಗಂಜಿ ಕೊಡುವುದು ಎರಡು ವರ್ಷವಾದರೂ ಮುಗಿಯಲಿಲ್ಲ!

ಊರಿನಲ್ಲಿ ಸುದ್ದಿಗೆ ಬರವೇ? ಬ್ಯಾಡಗಿಯಿಂದ ಫಾರಿನ್ನಿಗೆ ಹೋದ ಮೊದಲ ಹೆಂಗಸು ನಮ್ಮ ಅತ್ತೆಯೇ ಎಂದು ಕೆಲವರು ಹೆಮ್ಮೆಪಟ್ಟರು. ತಮ್ಮನ ಹೆಂಡತಿ ಸರಿಯಾಗಿ ನೋಡಿಕೊಂಡಿಲ್ಲ, ಅದಕ್ಕೇ ಹೋಗಿದ್ದಾಳೆ ಎಂದು ಇನ್ನು ಕೆಲವರು ಅವ್ವನಿಗೆ ಕೇಳುವಂತೆಯೇ ಆಡಿಕೊಂಡರು. ಅತ್ತೆ ಆಗೀಗ ಕಾರ್ಡು ಬರೆಯುತ್ತಿದ್ದಳು, ತಾನು ಆರಾಮ ಇದ್ದೇನೆಂದು. ಅಪ್ಪ ಮಾತ್ರ ಆರಾಮ ಇರಲಿಲ್ಲ. ತಾಯಿಯಂತೆ ಸಾಕಿದ ಅಕ್ಕ. ಊಟದ ನಡುವೆ ಕೈ ನಿಲ್ಲಿಸಿ, "ಆಕಿಗೆ ನಾ ಏನ ಕಡಿಮಿ ಮಾಡಿದ್ದೆ? ಯಾಕ ಹೋದ್ಲು?" ಎಂದು ನಮ್ಮನ್ನೇ ಕೇಳುತ್ತಿದ್ದ. ಕಡೆಗೆ ಆ ವರ್ಷ, ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಸುಗ್ಗಿ ಮುಗಿದು ಮಳೆ ಹಿಡಿದ ಕೂಡಲೇ, ಅಕ್ಕನನ್ನು ಕರೆತಂದೇ ತೀರುತ್ತೇನೆ ಎಂದು ಊರಿಗೆಲ್ಲ ಸಾರಿ, ಆಕೆಯ ಕೋಣೆಗೆ ಸುಣ್ಣ ಹೊಡೆಸಿ, ಅವ್ವನನ್ನೂ ಹಾವೇರಿಯಲ್ಲಿ ಕಾಲೇಜು ಓದುತ್ತಿದ್ದ ನನ್ನನ್ನೂ ಹೊರಡಿಸಿದ.

ನಾವು ಫಾರಿನ್ನಿಗೆ ಹೊರಟ ಪರಿ ಕೇಳಿ. ಪಾಸ್‌ಪೋರ್ಟು ಬೇಡ, ವೀಸಾ ಬೇಡ. ಆದರೆ ಬುತ್ತಿ ಬೇಡವೇ? ಎರಡು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಳ್ಳಿನ ಉಂಡಿ, ಮೇಲೆ ಅಪ್ಪನ ಪ್ರೀತಿಯ ಒಂದು ಚೀಲ ಮೆಣಸಿನಕಾಯಿ. ಹುಬ್ಬಳ್ಳಿ, ಪುಣೆ, ಗೋರಖಪುರ ಎಂದು ರೈಲು ಬದಲಿಸುತ್ತ ಹೋದಂತೆ ರೊಟ್ಟಿ ಮುರಿದು ಪುಡಿಯಾಯಿತು, ಚೀಲ ಮಾತ್ರ ಕೆಂಪಗೆ ನಗುತ್ತಿತ್ತು. ಗಡಿಯಲ್ಲಿ ಕಸ್ಟಮ್ಸಿನವನು ಚೀಲಕ್ಕೆ ಕೋಲು ಚುಚ್ಚಿ, ಇದೇನೆಂದ. ಅಪ್ಪನ ಹಿಂದಿ ಬರೀ ಮೆಣಸಿನಕಾಯಿಯ ಹಿಂದಿ. ದರ, ತೂಕ, ತೇವ, ಬಣ್ಣ, ಇಷ್ಟೇ ಅದರಲ್ಲಿ ಹೇಳಲಾಗುವುದು. ಇಲ್ಲಿ ಕೇಳಿದ್ದೂ ಅದನ್ನೇ ಆದ್ದರಿಂದ ಅಪ್ಪ ಹುರುಪಿನಿಂದ ಒಂದು ಕಾಯಿ ಮುರಿದು ಅವನ ಮೂಗಿನ ಹತ್ತಿರ ಹಿಡಿದು, ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ವಿವರಿಸತೊಡಗಿದ. ಅವನು ಸೀನುತ್ತಲೇ ಹೋಗಿ ಎಂದು ಕೈ ಬೀಸಿದ.

ದವಾಖಾನೆ ಗಡಿಯಿಂದ ಸ್ವಲ್ಪ ದೂರ, ಭತ್ತದ ಗದ್ದೆಗಳ ನಡುವೆ. ಕಣ್ಣಿನ ಪೊರೆ ತೆಗೆಯುವುದಕ್ಕೆ ಹೆಸರಾದದ್ದು. ಬೆಟ್ಟಗಳಿಂದ ಇಳಿದುಬಂದ ಮುದುಕ ಮುದುಕಿಯರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಪಡಸಾಲೆಯ ಉದ್ದಕ್ಕೂ ಕೂತಿದ್ದರು. ಅವರ ನಡುವೆ ಸೆರಗು ಸಿಕ್ಕಿಸಿ ಸುಳಿದಾಡುತ್ತಿದ್ದವಳು ನಮ್ಮ ಅತ್ತೆ. ಎರಡು ವರ್ಷದ ಮೇಲೆ ತಮ್ಮನನ್ನು ಕಂಡವಳು ಅತ್ತಳೇ? ಅಪ್ಪಿಕೊಂಡಳೇ? ಇಲ್ಲಪ್ಪ!

"ಬಂದ್ಯಾ? ಚಲೋ ಆತು. ಆ ಮುದುಕನ್ನ ಸ್ವಲ್ಪ ಪಾಯಖಾನಿ ಕಡೆ ಕರಕೊಂಡ ಹೋಗು, ಆಗಿಂದ ಕಾಯಾಕತ್ತಾನ."

ಬ್ಯಾಡಗಿಯಲ್ಲಿ ಹಮಾಲರಿಗೆ ಹುಕುಂ ಕೊಡುವ ನಮ್ಮಪ್ಪ, ಹೆಗಲ ಚೀಲವನ್ನೂ ಇಳಿಸದೆ ಮುದುಕನ ಕೈ ಹಿಡಿದು ಹೊರಟ. ಅವ್ವನಿಗೆ ಅನ್ನದ ಪಾತ್ರೆ ಸಿಕ್ಕಿತು, ನನಗೆ ಕಸಬರಿಗೆ. ಒಟ್ಟಿನಲ್ಲಿ ಕರೆದುಕೊಂಡು ಹೋಗಲು ಬಂದ ನಾವೇ ಅಲ್ಲಿ ಉಳಿದುಬಿಡುವ ಲಕ್ಷಣ ಕಂಡಿತು!

ಅತ್ತೆಗೆ ನೇಪಾಳಿ ಬಾರದು, ಅವರಿಗೆ ಕನ್ನಡ ಬಾರದು. ಅತ್ತೆ ಎರಡು ವರ್ಷದಲ್ಲಿ ನೇಪಾಳಿ ಕಲಿತಳೆಂದು ನೀವು ಊಹಿಸಿದ್ದರೆ ಅತ್ತೆ ನಿಮಗೆ ಇನ್ನೂ ಅರ್ಥವಾಗಿಲ್ಲ. ಅವರೇ ಕನ್ನಡ ಕಲಿತಿದ್ದರು! ಅಡುಗೆಮನೆಯ ಹಿರಿಯಳು ಒಬ್ಬ ಮುದುಕಿ. ಆಕೆಯನ್ನು ಎಲ್ಲರೂ ಆಮಾ, ಅಂದರೆ ತಾಯಿ, ಎನ್ನುತ್ತಿದ್ದರು. ಪಟ್ಟಿ ಕಟ್ಟಿದವನು ಯಾವನಾದರೂ ಎದ್ದು ತಡವರಿಸಿದರೆ ಆಮಾ ಅಡುಗೆಮನೆಯಿಂದಲೇ "ಸುಮ್ನ ಕುಂದ್ರೋ!" ಎಂದು ಅಪ್ಪಟ ಬ್ಯಾಡಗಿಯ ರಾಗದಲ್ಲಿ ಗದರುತ್ತಿದ್ದಳು. ಅವನೂ ಕೂಡಲೇ ಕೂರುತ್ತಿದ್ದ. ತಾನು ಕೂರಲಾರದ ಅತ್ತೆ ಒಂದು ದೇಶಕ್ಕೇ ಕೂರುವುದನ್ನು ಕಲಿಸಿದ್ದಳು.

ಎರಡು ದಿನ ಮುದುಕರನ್ನು ನಡೆಸಿದ ಮೇಲೆ ಅಪ್ಪನಿಗೆ ತಾನು ಬಂದ ಕೆಲಸ ನೆನಪಾಯಿತು. ಅತ್ತೆ ಬಟಾಟೆ ಸುಲಿಯುತ್ತ ನಿಂತಿದ್ದಳು.

"ಅಕ್ಕಾ, ಸಾಕಿನ್ನ. ನಡಿ ನಿನ್ನ ಮನಿಗೆ. ನಿನ್ನ ಖೋಲಿಗೆ ಸುಣ್ಣ ಹೊಡಿಸೇನಿ."

"ಇಷ್ಟು ಮಂದಿನ್ನ ಬಿಟ್ಟು ಎಲ್ಲಿ ಬರ್ಲೋ?"

"ಊರಾಗ ಮಂದಿ ಏನಂತಾರ? ತಮ್ಮ ಹೊರಗ ಹಾಕ್ಯಾನ ಅಂತಾರ. ನಾ ನಿನಗ ಏನ ಕಡಿಮಿ ಮಾಡೇನಿ, ಹೇಳು."

"ಏನೂ ಕಡಿಮಿ ಮಾಡಿಲ್ಲೋ ಹುಚ್ಚಪ್ಪಾ."

"ಹಂಗಾರ ಬಾ. ಪಂಚಮಿ ಬಂತು. ನೀ ಇಲ್ಲದ ಎರಡ ಪಂಚಮಿ ಮನ್ಯಾಗ ಉಂಡಿ ಸೈತ ಸರಿ ಕಟ್ಟಿಲ್ಲ."

ಅತ್ತೆ ಜೋರಾಗಿ ನಕ್ಕಳು. "ಎಲ್ಲಾರೂ ಪಂಚಮಿಗೆ ತವರಿಗೆ ಬರತಾರಪಾ. ನಾ ಎಲ್ಲಿಂದ ಬರ್ಲಿ? ಬರಬೇಕಂದ್ರ ಮೊದಲ ಹೋಗಿರಬೇಕಲ್ಲ! ನಾ ಅಲ್ಲೇ ಹುಟ್ಟಿ ಅಲ್ಲೇ ಉಳದಾಕಿ. ನನಗ ಮನಿ ಇತ್ತು, ತವರುಮನಿ ಎಲ್ಲಿತ್ತು?"

ನಗುತ್ತಲೇ ಹೇಳಿದಳು, ಬಟಾಟೆ ಸುಲಿಯುವುದನ್ನೂ ನಿಲ್ಲಿಸಲಿಲ್ಲ. ಅಪ್ಪ ಇದು ಮತ್ತೊಂದು ಚೇಷ್ಟೆಯೆಂದು ಸಿಟ್ಟಾಗಿ ಹೊರಗೆ ಹೋದ. ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಅವ್ವ ಮಾತ್ರ ಮೊರವನ್ನು ಕೆಳಗಿಟ್ಟು, ಅತ್ತೆಯನ್ನು ಒಂದು ಗಳಿಗೆ ನೋಡಿ, ಎದ್ದು ಅಪ್ಪನ ಹಿಂದೆ ನಡೆದಳು.

"ನಿಮಗ ಕರಿಯಾಕ ಬರೂದಿಲ್ರಿ" ಎಂದಳು. ಅವ್ವ ಅಪ್ಪನಿಗೆ ಹಾಗೆ ನೇರವಾಗಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಪೊಲೀಸರು ಕರದಂಗ ಕರದ್ರ ಯಾರ ಬರತಾರ? ನಮ್ಮಣ್ಣ ಹೆಂಗ ಕರೀತಾನ, ನೋಡಿಲ್ಲೇನು? ಮೊದಲ ಹಿರ್ಯಾರನ್ನ ಕೇಳ್ರಿ. ಮತ್ತ ಹೊಳ್ಳಿ ತಂದು ಬಿಡತೇನಿ ಅನ್ರಿ."

"ಇಲ್ಲಿ ಯಾರದಾರ ಹಿರ್ಯಾರು?"

ಅವ್ವ ಡಾಕ್ಟರ ಕೋಣೆಯ ಕಡೆ ಕೈ ತೋರಿಸಿದಳು.

ಅಲ್ಲಿನ ದೊಡ್ಡ ಡಾಕ್ಟರು ಹಣ್ಣಾದ ಮನುಷ್ಯ. ಅಪ್ಪ ಬುತ್ತಿಯ ಡಬ್ಬಿ ಹಿಡಿದು ಒಳಗೆ ಹೋದ, ನಾವೂ ಹೋದೆವು, ಆಮಾ ಕೈ ಒರೆಸಿಕೊಳ್ಳುತ್ತ ಹಿಂದೆ ಬಂದಳು, ಅತ್ತೆ ಬಂದು ಬಾಗಿಲಲ್ಲೇ ನಿಂತಳು. ರೊಟ್ಟಿಪುಡಿ, ಉಂಡಿ ಮೇಜಿನ ಮೇಲೆ ಬಂದವು. ಆದರೆ ಮೆಣಸಿನಕಾಯಿ ಹಿಂದಿಯಲ್ಲಿ ಪಂಚಮಿಗೆ ಶಬ್ದವೆಲ್ಲಿದೆ? ಅಪ್ಪ ಬೆವೆತ. ಅಕ್ಕನನ್ನು ತೋರಿಸಿದ, ತನ್ನೆದೆ ಮುಟ್ಟಿಕೊಂಡ, ತಾಯಿಯ ಮನೆ, ಹಬ್ಬ ಎಂದ. ನಾನು ಬಾಯಿ ಹಾಕಬೇಕು ಎನ್ನುವಷ್ಟರಲ್ಲಿ ಆಮಾ "ಮೈತಿ!" ಎಂದು ಕೂಗಿದಳು. ಅವರಲ್ಲಿ ತವರಿಗೆ ಹಾಗೆನ್ನುತ್ತಾರಂತೆ. ಅಲ್ಲಿಯೂ ತೀಜ್ ಹಬ್ಬಕ್ಕೆ ಅಣ್ಣತಮ್ಮಂದಿರು ಬಂದು ಕರೆದೊಯ್ಯುತ್ತಾರೆಂದು ಡಾಕ್ಟರು ನಮಗೆ ಹೇಳಿದರು. ಆಮಾ ಆಗಲೇ ಅತ್ತೆಯ ಗಲ್ಲ ಹಿಡಿದು ಅಳುತ್ತಿದ್ದಳು.

ಡಾಕ್ಟರು ಗಂಡನ ಮನೆಯ ಮಾವನ ಗತ್ತಿನಿಂದ ಕುರ್ಚಿಗೆ ಒರಗಿ, ಎಷ್ಟು ದಿನಕ್ಕೆ ಎಂದು ಕೇಳಿದರು. ಚಳಿಗಾಲಕ್ಕೆ ಬೆಟ್ಟದವರು ಸಾಲುಗಟ್ಟಿ ಬರುತ್ತಾರೆ, ಈಕೆ ಇಲ್ಲದಿದ್ದರೆ ನಡೆಯುವುದಿಲ್ಲ ಎಂದರು. ಇದು ಅಪ್ಪನಿಗೆ ಗೊತ್ತಿದ್ದ ಲೋಕ! ಬ್ಯಾಡಗಿಯ ಹಳೆಯ ದಲಾಲರು ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಇಬ್ಬರ ಕೈ ಮೇಲೆ ಟವೆಲ್ ಹೊದಿಸಿ ಒಳಗೇ ಬೆರಳು ಹಿಡಿದು ಕುದುರಿಸುತ್ತಿದ್ದರು. ಅಪ್ಪ ಹೆಗಲ ಟವೆಲ್ ತೆಗೆದವನೇ ಡಾಕ್ಟರ ಕೈ ಮೇಲೆ ಹಾಸಿ, ಒಳಗೆ ಐದೂ ಬೆರಳು ಗಪ್ಪನೆ ಹಿಡಿದ. ಐದು ತಿಂಗಳು! ಡಾಕ್ಟರು ಬೆಚ್ಚಿದರು. ಆಮೇಲೆ ಅರ್ಥವಾಗಿ ನಗುತ್ತ ಕೈ ಬಿಡಿಸಿಕೊಂಡು ಒಂದೇ ಬೆರಳು ಕೊಟ್ಟರು. ಟವೆಲ್ಲಿನ ಒಳಗೆ ಬಹಳ ಹೊತ್ತು ಗುದ್ದಾಟ ನಡೆಯಿತು. ಕಡೆಗೆ ಎರಡು ಬೆರಳು ಮತ್ತು ಮೂರನೆಯದರ ಅರ್ಧಕ್ಕೆ ವ್ಯಾಪಾರ ಕುದುರಿತು.

"ನನ್ನನ್ನ ಮೆಣಸಿನಕಾಯಿ ಚೀಲ ಮಾಡಿದ್ರಲ್ಲೋ!" ಎಂದು ಅತ್ತೆ ಬಾಗಿಲಲ್ಲಿ ನಿಂತು ಕೂಗಿದಳು. ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಆಕೆಯ ಮುಂದೆ ಬಂದು ನಿಂತ. ಗಂಟಲು ಸರಿಮಾಡಿಕೊಂಡು, ಅಗಡಿಯ ಮಾವ ಹೇಳುವ ಹಾಗೆಯೇ ಹೇಳಿದ:

"ಅಕ್ಕಾ, ಪಂಚಮಿಗೆ ಕರಿಯಾಕ ಬಂದೇನಿ. ನಿಮ್ಮ ಮನಿಯವರನ್ನ ಕೇಳೇನಿ. ಹಬ್ಬ ಮುಗಿಸಿ ಉಡಿ ತುಂಬಿ, ನಾನ ಹೊಳ್ಳಿ ತಂದು ಬಿಡತೇನಿ."

ಹೊಡೆಸಿದ ಸುಣ್ಣ, ಊರಿಗೆ ಸಾರಿದ ಮಾತು ಎಲ್ಲವನ್ನೂ ಆ ಒಂದು ಮಾತಿನಲ್ಲಿ ಅಪ್ಪ ಬಿಟ್ಟುಕೊಟ್ಟಿದ್ದ. ಅತ್ತೆ ಅಡುಗೆಮನೆಯ ಒಲೆ ಆರಿಸಿ, ಸೀರೆ ಮಡಿಚಿಡಲು ಒಳಗೆ ಹೋದಳು.

ಮರಳಿ ಬರುವಾಗ ರೈಲಿನಲ್ಲಿ ಆಕೆ ಕೂತಳೆಂದು ತಿಳಿಯಬೇಡಿ! ಪುಣೆಯವರೆಗೆ ಯಾರದೋ ಅವಳಿ ಕೂಸುಗಳನ್ನು ಎತ್ತಿಕೊಂಡು ನಿಂತಿದ್ದಳು. ಬ್ಯಾಡಗಿ ಸ್ಟೇಶನ್ನಿನಲ್ಲಿ ಇಳಿದು ಟಾಂಗಾದಲ್ಲಿ ಮನೆ ಮುಟ್ಟಿದೆವು. ಜಿನುಗು ಮಳೆ ಬಂದು ನಿಂತಿತ್ತು. ಅಪ್ಪ ಬೀಗ ತೆಗೆದ, ಅವ್ವ ಒಳಗೆ ಹೋಗಿ ಕಿಟಕಿ ತೆರೆದಳು, ನಾನು ಸಾಮಾನು ಒಯ್ದೆ. ಅತ್ತೆ ಎಲ್ಲರಿಗಿಂತ ಮೊದಲೇ ಅಡುಗೆಮನೆಗೆ ನುಗ್ಗಿ ಚಹಾಕ್ಕಿಟ್ಟಿರಬೇಕೆಂದು ನೋಡಿದರೆ, ಇಲ್ಲ. ಕೋಣೆಯಲ್ಲಿಲ್ಲ, ಹಿತ್ತಲಲ್ಲಿಲ್ಲ.

ಅಷ್ಟರಲ್ಲಿ ಹೊರಗಿನಿಂದ ಧ್ವನಿ ಬಂತು.

"ಯಾರರ ಅದೀರೇನು ಒಳಗ? ಮನಿ ಮಗಳು ಬಂದು ಎಷ್ಟೊತ್ತಾತು, ಕಾಲಿಗೆ ನೀರು ಕೊಡೋರು ಇಲ್ಲೇನು?"

ಓಡಿಬಂದು ನೋಡಿದೆ. ಅತ್ತೆ ಬಾಗಿಲ ಹೊರಗಿನ ಕಟ್ಟೆಯ ಮೇಲೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಾಲು ಇಳಿಬಿಟ್ಟು ಕೂತಿದ್ದಳು. ಅರವತ್ತು ವರ್ಷ ಒಳಗೂ ಹೊರಗೂ ಓಡಾಡಿದ ಹೊಸ್ತಿಲನ್ನು, ಮೊದಲ ಸಲ ನೋಡುವವಳಂತೆ ನೋಡುತ್ತಿದ್ದಳು. ನನಗೆ ದುಃಖ ಉಕ್ಕಿ ಬಂತು. ನೀರು ತರಲು ತಿರುಗಿದ ಅವ್ವನನ್ನು ತಡೆದು ಅಪ್ಪನೇ ಒಳಗೆ ಹೋದ. ತಂಬಿಗೆ ತುಂಬಿಕೊಂಡು ಬಂದು, ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತು, ಆಕೆಯ ಒಡೆದ ಹಿಮ್ಮಡಿಗಳ ಮೇಲೆ ನೀರು ಹಾಕಿದ. ಅವಸರಕ್ಕೆ ಅರ್ಧ ನೀರು ತನ್ನ ಧೋತರದ ಮೇಲೆಯೇ ಚೆಲ್ಲಿಕೊಂಡ.

"ಸಾವಕಾಶ ಹಾಕೋ ತಮ್ಮಾ, ನನಗೇನು ಗಡಿಬಿಡಿ ಇಲ್ಲ" ಎಂದಳು ಅತ್ತೆ. ಎದ್ದೇಳಲಿಲ್ಲ, ಕೂತೇ ಇದ್ದಳು.